ಡೊಮಿನಿಯನ್: ಕಾರ್ಡ್ ಕೊಳ್ಳುವ ಮುನ್ನ ಮಾಡಬೇಕಾದ್ದು, ಮಾಡಬಾರದ್ದು

ಡೊಮಿನಿಯನ್ ಎಂಬ ಕಾರ್ಡ್ ಆಟದಲ್ಲಿ ಒಮ್ಮೆ ಕೊಂಡ ಕಾರ್ಡ್ ತಾನಾಗಿ ಕಟ್ಟು ಬಿಟ್ಟು ಹೋಗುವುದಿಲ್ಲ. ಕಲಸಿದಾಗಲೆಲ್ಲ ತಿರುಗಿ ಬರುತ್ತದೆ. ಕೈಗೆ ಬರುವ ಐದು ಕಾರ್ಡ್‌ಗಳಲ್ಲಿ ಒಂದು ಜಾಗ ತಿನ್ನುತ್ತದೆ. ಮೊದಲ ಎರಡು ಸರದಿಯ ತಪ್ಪು ಖರೀದಿ ಆಟ ಮುಗಿಯುವ ತನಕ ನಿಮ್ಮ ವಿರುದ್ಧವೇ ಆಡುತ್ತದೆ.

ಈ ಸೂಚನೆಗಳು 2016ರ ಎರಡನೇ ಆವೃತ್ತಿಯ ಮೂಲ ಪೆಟ್ಟಿಗೆಗೆ, ಇಬ್ಬರು ಆಡುವ ಆಟಕ್ಕೆ.

ಮಾಡಬೇಕಾದ್ದು

• ಮೊದಲ ಕಾರ್ಡ್ ಕೊಳ್ಳುವ ಮುನ್ನ ಮೇಜಿನ ಮೇಲಿನ ಹತ್ತೂ ರಾಶಿಗಳನ್ನು ಓದಿ.

• ನಾಲ್ಕು ಸಂಗತಿ ಹುಡುಕಿ: ಕಾರ್ಡನ್ನು ಟ್ರ್ಯಾಶ್ ಮಾಡುವುದು, ಅಂದರೆ ಆಟದಿಂದಲೇ ಹೊರಹಾಕುವುದು ಯಾವುದು, ಹೆಚ್ಚುವರಿ ಆಕ್ಷನ್ ಕೊಡುವುದು ಯಾವುದು, ಹೆಚ್ಚುವರಿ ಖರೀದಿ ಕೊಡುವುದು ಯಾವುದು, ದಾಳಿ ಮಾಡುವುದು ಯಾವುದು. ಹೆಚ್ಚುವರಿ ಖರೀದಿ ಎಲ್ಲೂ ಇಲ್ಲದಿದ್ದರೆ ಕೈಯಲ್ಲಿ 16 ನಾಣ್ಯ ಬಂದರೂ ಸಿಗುವುದು ಅಂಕದ ಕಾರ್ಡಾದ ಪ್ರಾವಿನ್ಸ್ ಒಂದೇ.

• ಕಟ್ಟಿನ ಸರಾಸರಿ ಲೆಕ್ಕ ಹಾಕಿ. ಶುರುವಿನಲ್ಲಿ ಏಳು ಕಾಪರ್, ಮೂರು ಎಸ್ಟೇಟ್. ಹತ್ತು ಕಾರ್ಡ್‌ಗೆ ಏಳು ನಾಣ್ಯ, ಅಂದರೆ ಕಾರ್ಡಿಗೆ 0.7. ಪ್ರಾವಿನ್ಸ್ ಬೆಲೆ 8. ಐದು ಕಾರ್ಡಿನ ಕೈಯಲ್ಲಿ ಅಷ್ಟು ಸಿಗಬೇಕಾದರೆ ಕಾರ್ಡಿಗೆ 1.6 ಬೇಕು.

• ಕೊಳ್ಳಲಿರುವ ಕಾರ್ಡನ್ನು ಈ 1.6ರ ಪಕ್ಕದಲ್ಲಿಟ್ಟು ನೋಡಿ. ಗೋಲ್ಡ್ 3, ಸಿಲ್ವರ್ 2, ಎರಡೂ ಮೇಲಿವೆ. ಕಾಪರ್ 1, ಕೆಳಗಿದೆ. ಎಸ್ಟೇಟ್ ಸೊನ್ನೆ.

• ಪ್ರತಿ ಆಕ್ಷನ್ ಕಾರ್ಡನ್ನೂ ಸಿಲ್ವರ್ ಜೊತೆ ಹೋಲಿಸಿ. 3 ಅಥವಾ 4 ನಾಣ್ಯದ ಕಾರ್ಡೊಂದು ನಿಮ್ಮ ಕಟ್ಟಿನಲ್ಲಿ ಸಿಲ್ವರ್‌ಗಿಂತ ಹೆಚ್ಚು ಕೆಲಸ ಮಾಡದಿದ್ದರೆ ಸಿಲ್ವರನ್ನೇ ಕೊಳ್ಳಿ. ಬರೀ ಸಿಲ್ವರ್, ಗೋಲ್ಡ್ ಕೊಂಡು ಪ್ರಾವಿನ್ಸ್‌ಗೆ ಹೋಗುವವನು ಜಾಣ್ಮೆ ತೋರಿಸಲು ಹೊರಟ ಎಷ್ಟೋ ಕಟ್ಟುಗಳನ್ನು ಸೋಲಿಸುತ್ತಾನೆ. ಅಳತೆಗೋಲು ಅವನೇ.

• ಕಾರ್ಡ್ ಎತ್ತಿಸುವ ಕಾರ್ಡಿನ ಮೌಲ್ಯವನ್ನು ಕಟ್ಟಿನ ಸರಾಸರಿಯಿಂದ ಗುಣಿಸಿ ತಿಳಿಯಿರಿ. ಸ್ಮಿದಿ ಮೂರು ಕಾರ್ಡ್ ಎತ್ತಿಸುತ್ತದೆ. ಕಟ್ಟು 0.7ರಲ್ಲಿ ಇರುವಾಗ ಅದು 2.1 ನಾಣ್ಯಕ್ಕೆ ಸಮ, ಸಿಲ್ವರ್‌ಗಿಂತ ಕೂದಲೆಳೆಯಷ್ಟು ಮೇಲೆ. ಅದೇ ಸ್ಮಿದಿ 1.6ರ ಕಟ್ಟಿನಲ್ಲಿ 4.8 ನಾಣ್ಯಕ್ಕೆ ಸಮ. ಗೋಲ್ಡ್ ಕೂಡ ಅಷ್ಟು ಕೊಡದು. ಕಾರ್ಡ್ ಅದೇ, ಬದಲಾದದ್ದು ಸುತ್ತಲಿನ ಕಟ್ಟು.

• ಆಕ್ಷನ್ ಕಾರ್ಡ್‌ಗಳನ್ನು ಎರಡು ಬಣ ಮಾಡಿ. ಆಡಿದ ಆಕ್ಷನ್ನನ್ನು ವಾಪಸ್ ಕೊಡುವವು ಒಂದು ಕಡೆ: ವಿಲೇಜ್, ಮಾರ್ಕೆಟ್, ಲ್ಯಾಬೊರೇಟರಿ, ಫೆಸ್ಟಿವಲ್. ತಿಂದು ಸುಮ್ಮನಾಗುವವು ಇನ್ನೊಂದು ಕಡೆ: ಸ್ಮಿದಿ, ವಿಚ್, ಮಿಲಿಷಿಯಾ, ಚಾಪೆಲ್. ಎರಡನೇ ಬಣದ್ದನ್ನು ಎಣಿಸಿಯೇ ಕೊಳ್ಳಿ. ಸರದಿಗೆ ನಿಮಗಿರುವುದು ಒಂದೇ ಆಕ್ಷನ್.

• ಚಾಪೆಲ್ ಇದ್ದರೆ ಮೊದಲ ಎರಡು ಸರದಿಯಲ್ಲೇ ಕೊಳ್ಳಿ. ಬೆಲೆ 2. ಅದು ನಾಣ್ಯ ಕೊಡುವುದಿಲ್ಲ, ಕಾರ್ಡ್ ಎತ್ತಿಸುವುದಿಲ್ಲ, ಅಂಕವೂ ಇಲ್ಲ. ಹೊಸಬರ ಕಣ್ಣಿಗೆ ದಂಡದ ಕಾರ್ಡ್. ಆದರೆ ಒಂದೇ ಏಟಿಗೆ ಕೈಯಲ್ಲಿರುವ ನಾಲ್ಕು ಕಾರ್ಡ್‌ವರೆಗೆ ಆಟದಿಂದಲೇ ಹೊರಹಾಕುತ್ತದೆ. ಒಂದು ಚಾಪೆಲ್, ಒಂದು ಸಿಲ್ವರ್ ಕೊಂಡ ಹನ್ನೆರಡು ಕಾರ್ಡಿನ ಕಟ್ಟಿನಿಂದ ಮೂರು ಎಸ್ಟೇಟ್ ಹೋದರೆ ಸರಾಸರಿ 0.75ರಿಂದ 1ಕ್ಕೆ ಏರುತ್ತದೆ. ಮುಂದೆ ಕಾಪರ್‌ಗಳೂ ಹೋದ ಹಾಗೆ ಕಟ್ಟು ಹತ್ತು ಕಾರ್ಡಿನೊಳಗೆ ಉಳಿಯುತ್ತದೆ, ಕೊಂಡ ಗೋಲ್ಡ್ ಎರಡು ಸರದಿಗೊಮ್ಮೆ ಕೈಗೆ ಬರುತ್ತದೆ. ಎದುರಾಳಿಯ ಗೋಲ್ಡ್ ಇಪ್ಪತ್ತು ಕಾರ್ಡಿನ ಅಡಿಯಲ್ಲಿ ಹೂತಿರುತ್ತದೆ.

• ಎಸ್ಟೇಟ್ ಮೊದಲು, ಕಾಪರ್ ಆಮೇಲೆ ಹೊರಹಾಕಿ. ಮುಂದಿನ ಖರೀದಿಗೆ ಬೇಕಾದಷ್ಟು ಕಾಪರ್ ಉಳಿಸಿಕೊಳ್ಳಿ.

• ಮೊದಲ ಎರಡು ಕೈಗಳಲ್ಲಿ ನಾಣ್ಯ ಹೇಗೆ ಹಂಚಿಕೆಯಾಗಿದೆ ನೋಡಿ ತೀರ್ಮಾನಿಸಿ. ಆರರಲ್ಲಿ ಐದು ಸಲ 3 ಮತ್ತು 4 ಬರುತ್ತದೆ. ಆರರಲ್ಲಿ ಒಂದು ಸಲ ಮಾತ್ರ 5 ಮತ್ತು 2. ಹಾಗೆ ಬಂದು ಮೇಜಿನ ಮೇಲೆ ವಿಚ್, ಚಾಪೆಲ್ ಎರಡೂ ಇದ್ದರೆ ಎರಡನ್ನೂ ಕೊಳ್ಳಿ.

• ವಿಚ್ ಇದ್ದರೆ ಕೈಗೆ ಬಂದ ಮೊದಲ 5 ನಾಣ್ಯವನ್ನು ಅದಕ್ಕೇ ಕೊಡಿ. ವಿಚ್ ಎದುರಾಳಿಗೆ ಹಂಚುವ ಕರ್ಸ್ ಕಾರ್ಡ್ ಇಬ್ಬರ ಆಟದಲ್ಲಿ ಹತ್ತು. ಪ್ರತಿಯೊಂದೂ ಒಂದು ಅಂಕ ಕಳೆಯುತ್ತದೆ, ಕೈಯಲ್ಲಿ ಒಂದು ಜಾಗವನ್ನೂ ಕೊಲ್ಲುತ್ತದೆ. ಮೊದಲು ಹಂಚಲು ಶುರು ಮಾಡಿದವರು ಹೆಚ್ಚು ಹಂಚುತ್ತಾರೆ. ತಡ ಮಾಡಿದವರ ಕಟ್ಟು ಮತ್ತೆ ಏಳುವುದು ಅಪರೂಪ.

• ಗಾರ್ಡನ್ಸ್ ಕಂಡರೆ ಮೊದಲು ಲೆಕ್ಕ ಮಾಡಿ, ಆಮೇಲೆ ಆರಿಸಿ. ಹತ್ತು ಕಾರ್ಡಿಗೆ ಒಂದು ಅಂಕ. ನಲವತ್ತು ಕಾರ್ಡಿನ ಕಟ್ಟಿನಲ್ಲಿ 4 ನಾಣ್ಯದ ಗಾರ್ಡನ್ಸ್ ನಾಲ್ಕು ಅಂಕ ತರುತ್ತದೆ. 5 ನಾಣ್ಯದ ಡಚಿ ತರುವುದು ಮೂರು. ಜೊತೆಗೆ ವರ್ಕ್‌ಶಾಪ್ ಇದ್ದರೆ ಅದನ್ನು ಆಡಿದಾಗಲೆಲ್ಲ ನಾಣ್ಯವಿಲ್ಲದೆಯೇ ಒಂದು ಗಾರ್ಡನ್ಸ್ ಸಿಗುತ್ತದೆ. ಈ ದಾರಿ ಹಿಡಿದರೆ ಮೇಲಿನ ಸರಾಸರಿ ಲೆಕ್ಕ ಬಿಡಿ. ಇಲ್ಲಿ ದಪ್ಪ ಕಟ್ಟೇ ಗೆಲ್ಲುತ್ತದೆ.

ಮಾಡಬಾರದ್ದು

• ಬೆಲೆ ಹೆಚ್ಚೆಂದು ಕಾರ್ಡನ್ನು ಮೇಲೇರಿಸುವುದು ಬೇಡ. ಡೊನಾಲ್ಡ್ ಎಕ್ಸ್. ವಕಾರಿನೊ ರೂಪಿಸಿದ ಈ ಆಟದ 2008ರ ಪೆಟ್ಟಿಗೆಯಲ್ಲಿ 6 ನಾಣ್ಯದ ಅಡ್ವೆಂಚರರ್ ಇತ್ತು. 2016ರಲ್ಲಿ ಅದನ್ನೇ ತೆಗೆದುಹಾಕಿದರು. 2 ನಾಣ್ಯದ ಚಾಪೆಲ್ ಇವತ್ತಿಗೂ ಇದೆ.

• ನಾಣ್ಯ ಉಳಿದಿದೆ ಎಂಬ ಕಾರಣಕ್ಕೆ ಏನನ್ನಾದರೂ ಕೊಳ್ಳುವುದು ಬೇಡ. ಕೊಳ್ಳದೆ ಸರದಿ ಮುಗಿಸುವುದೂ ಒಂದು ನಡೆ.

• ಪುಕ್ಕಟೆ ಎಂದು ಕಾಪರ್ ತೆಗೆದುಕೊಳ್ಳಬಾರದು. ಗಾರ್ಡನ್ಸ್ ದಾರಿಯವರಿಗೆ ಮಾತ್ರ ಇದರಿಂದ ವಿನಾಯಿತಿ.

• ಆಕ್ಷನ್ ವಾಪಸ್ ಕೊಡದ ಎರಡು ಕಾರ್ಡ್‌ಗಳನ್ನು ಮೊದಲೆರಡು ಸರದಿಯಲ್ಲಿ ಒಟ್ಟಿಗೆ ಕೊಳ್ಳುವ ಅಭ್ಯಾಸ ಬೇಡ. ಹನ್ನೆರಡು ಕಾರ್ಡ್ ಕಲಸಿ ಮೂರನೇ, ನಾಲ್ಕನೇ ಸರದಿಗೆ ಕೈ ಎತ್ತಿದಾಗ ಎರಡೂ ಒಂದೇ ಕೈಯಲ್ಲಿ ಬಂದು ಬೀಳುವ ಸಂಭವ ಶೇ. 30. ಬಿದ್ದರೆ ಒಂದು ಆಡುತ್ತೀರಿ, ಇನ್ನೊಂದು ಸತ್ತ ಕಾರ್ಡ್. ಮೇಲೆ ಹೇಳಿದ ವಿಚ್, ಚಾಪೆಲ್ ಜೋಡಿಯಂತೆ ಲಾಭ ಆ ಅಪಾಯಕ್ಕೆ ತಕ್ಕದ್ದು ಎಂದು ಲೆಕ್ಕ ಹೇಳಿದರೆ ಮಾತ್ರ ಕೊಳ್ಳಿ.

• ವಿಲೇಜನ್ನು ಒಂಟಿಯಾಗಿ ಕೊಳ್ಳುವುದು ಬೇಡ. ಅದು ತನ್ನ ಬದಲು ಒಂದು ಕಾರ್ಡ್ ಎತ್ತಿಸಿ ಎರಡು ಆಕ್ಷನ್ ಕೊಡುತ್ತದೆ. ಆ ಆಕ್ಷನ್ ಬಳಸುವ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೆ ಖರ್ಚಾದ 3 ನಾಣ್ಯಕ್ಕೆ ಪ್ರತಿಫಲ ಸೊನ್ನೆ.

• ಒಂದು ಅದ್ಭುತ ಕೈಯನ್ನು ಕಲ್ಪಿಸಿಕೊಂಡು ಕೊಳ್ಳಬಾರದು. ಇನ್ನೊಂದು ಆಕ್ಷನ್ ಕಾರ್ಡನ್ನು ಎರಡು ಸಲ ಆಡಿಸುವ ಥ್ರೋನ್ ರೂಮ್ ಮತ್ತು ವಿಚ್ ಒಟ್ಟಿಗೆ ಬಂದರೆ ಎರಡು ಕರ್ಸ್ ಹೌದು. ವಿಚ್ ಬಾರದ ಕೈಗಳಲ್ಲಿ ಥ್ರೋನ್ ರೂಮ್ ಏನು ಮಾಡುತ್ತದೆ ಎಂಬುದೇ ಅದರ ನಿಜವಾದ ಬೆಲೆ.

• ಎರಡನೇ ಚಾಪೆಲ್ ಬೇಡ.

• ಎದುರಾಳಿ ಕೊಂಡದ್ದನ್ನೇ ಕುರುಡಾಗಿ ಕೊಳ್ಳಬಾರದು.

• ಎದುರಾಳಿ ಕೊಂಡದ್ದನ್ನು ಗಮನಿಸದೆ ನಿಮ್ಮ ಖರೀದಿ ಮಾಡಬಾರದು. ಅವರ ಬಳಿ ಮಿಲಿಷಿಯಾ ಇದ್ದರೆ ನಿಮ್ಮ ಕೈ ಮೂರು ಕಾರ್ಡಿಗೆ ಇಳಿಯುತ್ತದೆ. ಮೂರು ಸಿಲ್ವರ್ ಸೇರಿದರೂ 6 ನಾಣ್ಯವಷ್ಟೇ. ಬರೀ ನಾಣ್ಯದ ಕಾರ್ಡ್‌ಗಳಿಂದ 8 ಮುಟ್ಟಲು ಕನಿಷ್ಠ ಎರಡು ಗೋಲ್ಡ್, ಒಂದು ಸಿಲ್ವರ್ ಬೇಕು. ಆಗ ಗೋಲ್ಡ್‌ನ ಮೌಲ್ಯ ಏರುತ್ತದೆ. ನಿನ್ನೆಯವರೆಗೆ ಸಾಧಾರಣವಾಗಿದ್ದ, ದಾಳಿ ತಡೆಯುವ ಮೋಟ್ ಕೂಡ ಯೋಚಿಸಬೇಕಾದ ಕಾರ್ಡ್ ಆಗುತ್ತದೆ.

• ಹಿಂದಿನ ಆಟದ ತೀರ್ಪನ್ನು ಈ ಮೇಜಿಗೆ ತರುವುದು ಬೇಡ. 26 ರಾಶಿಗಳಲ್ಲಿ ಹತ್ತನ್ನು ಆರಿಸುವ ರೀತಿ 53 ಲಕ್ಷಕ್ಕೂ ಹೆಚ್ಚು. ಹಿಂದಿನ ಸಲ ಗೆಲ್ಲಿಸಿದ ಸ್ಮಿದಿಯ ಪಕ್ಕದಲ್ಲಿ ವಿಲೇಜ್ ಇತ್ತು, ಈ ಸಲ ಇಲ್ಲದಿರಬಹುದು.

• ಆಟದ ಮೊದಲರ್ಧದಲ್ಲಿ ಎಸ್ಟೇಟ್, ಡಚಿ ಕೊಳ್ಳಬಾರದು. ಅಂಕ ಕೊನೆಗೆ ಎಣಿಸುತ್ತಾರೆ. ಅವು ಕೈ ಕಟ್ಟಿಹಾಕುವುದು ಈಗಿನಿಂದಲೇ.

ಪ್ರಾವಿನ್ಸ್ ರಾಶಿ ಇಳಿದ ಮೇಲೆ

ಇಲ್ಲಿಂದ ಎಲ್ಲ ಕಾರ್ಡ್‌ಗಳ ಮೌಲ್ಯವೂ ತಲೆಕೆಳಗು.

ಮಾಡಬೇಕಾದ್ದು:

• ಎಂಟರಲ್ಲಿ ಉಳಿದ ಪ್ರಾವಿನ್ಸ್‌ಗಳನ್ನು ಪ್ರತಿ ಸರದಿಯಲ್ಲೂ ಎಣಿಸಿ.

• ಕೊಳ್ಳುವ ಕಾರ್ಡ್ ಮತ್ತೆ ಕೈಗೆ ಬರುತ್ತದೆಯೇ ಕೇಳಿಕೊಳ್ಳಿ. ಇಪ್ಪತ್ತೈದು ಕಾರ್ಡಿನ ಕಟ್ಟು ಒಂದು ಸುತ್ತು ಬರಲು ಐದು ಸರದಿ ಬೇಕು.

• ಪ್ರಾವಿನ್ಸ್ ನಾಲ್ಕಕ್ಕೆ ಇಳಿದ ಮೇಲೆ 5 ನಾಣ್ಯ ಬಂದರೆ ಡಚಿ ತೆಗೆದುಕೊಳ್ಳಿ.

• ಬೇರೆ ರಾಶಿಗಳ ಮೇಲೂ ಕಣ್ಣಿಡಿ. ಪ್ರಾವಿನ್ಸ್ ರಾಶಿ ಮಾತ್ರವಲ್ಲ, ಯಾವುದೇ ಮೂರು ರಾಶಿ ಖಾಲಿಯಾದರೂ ಆಟ ಮುಗಿಯುತ್ತದೆ.

ಮಾಡಬಾರದ್ದು:

• ಇನ್ನೊಮ್ಮೆ ಕಲಸುವ ಅವಕಾಶವೇ ಇಲ್ಲದಾಗ ಗೋಲ್ಡ್ ಕೊಳ್ಳುವುದು ಬೇಡ. ಆ ಹೊತ್ತಿನಲ್ಲಿ ಒಂದು ಅಂಕದ ಎಸ್ಟೇಟ್ ಅದಕ್ಕಿಂತ ಮೇಲು.

• ಎರಡೇ ಪ್ರಾವಿನ್ಸ್ ಉಳಿದಿದ್ದು, ಒಂದನ್ನು ಕೊಂಡರೂ ನೀವು ಹಿಂದೆಯೇ ಇರುವುದಾದರೆ ಅದನ್ನು ಮುಟ್ಟುವುದು ಬೇಡ. ಎದುರಾಳಿ ಕೊನೆಯದನ್ನು ಕೊಂಡು ಅಲ್ಲೇ ಆಟ ಮುಗಿಸಬಹುದು. ಕೈಯಲ್ಲಿ 8 ನಾಣ್ಯ ಇದ್ದರೂ ಡಚಿ ಕೊಂಡು ಇನ್ನೊಂದು ಸರದಿ ಗಳಿಸಿ.

• ಅಂಕ ಎಣಿಸದೆ ಮೂರನೇ ರಾಶಿಯ ಕೊನೆಯ ಕಾರ್ಡ್ ಎತ್ತಬಾರದು. ಸಮ ಬಂದರೆ ಕಡಿಮೆ ಸರದಿ ಆಡಿದವರಿಗೆ ಗೆಲುವು. ಮೊದಲು ಆಟ ಶುರು ಮಾಡಿದವರು ನೀವೇ ಆಗಿದ್ದು ಕೊನೆಯ ಸರದಿಯೂ ನಿಮ್ಮದಾದರೆ, ಸಮ ಅಂಕ ನಿಮಗೆ ಸೋಲು.