ಕೆಂಪು ಒಳಗೆ, ಹಸಿರು ಹೊರಗೆ: ಕಲ್ಲು ಕೊಳ್ಳುವ ಮುಂಚೆ

ಖನಿಜ ಸಂಗ್ರಹಿಸುವವರಿಗೆ ನಮ್ಮ ರಾಜ್ಯದ ಒಂದು ಕಲ್ಲು ಚೆನ್ನಾಗಿ ಗೊತ್ತು: ಹಸಿರು ಫುಕ್ಸೈಟ್ ಒಳಗೆ ಕೂತಿರುವ ಕೆಂಪು ಮಾಣಿಕ್ಯ, ಅಂದ್ರೆ ರೂಬಿ. ಹೊರದೇಶದವರೂ ಇದನ್ನು ಕರ್ನಾಟಕದ ಕಲ್ಲು ಅಂತಲೇ ಕೊಳ್ತಾರೆ. ಆದರೆ ಟಾಂಜಾನಿಯಾದ ಲಾಂಗಿಡೋ ಕಡೆಯಿಂದಲೂ ಕೆಂಪು-ಹಸಿರು ಕಲ್ಲೊಂದು ಬರುತ್ತೆ. ಅದು ಜೋಯಿಸೈಟ್ ಒಳಗಿನ ರೂಬಿ. ಆನ್‌ಲೈನ್‌ನಲ್ಲಿ ಇವೆರಡರ ಹೆಸರು ಅದಲುಬದಲಾಗೋದು ಸಾಮಾನ್ಯ. ಪಾಕೆಟ್ ಮನಿ ಹಾಕುವ ಮುಂಚೆ ವ್ಯತ್ಯಾಸ ತಿಳ್ಕೊಳ್ಳೋಣ.

ಮೊದಲು ಬಣ್ಣ. ರೂಬಿ ಅಂದ್ರೆ ಅಲ್ಯೂಮಿನಿಯಂ ಆಕ್ಸೈಡ್. ಫುಕ್ಸೈಟ್ ಒಂದು ಬಗೆಯ ಅಭ್ರಕ. ಎರಡರಲ್ಲೂ ಕೆಲವು ಅಲ್ಯೂಮಿನಿಯಂ ಅಯಾನುಗಳ ಜಾಗದಲ್ಲಿ ಕ್ರೋಮಿಯಂ ಕೂತಿರುತ್ತೆ. ಸುತ್ತಲಿನ ಪರಮಾಣುಗಳ ಜೋಡಣೆ ಬೇರೆ ಇರೋದ್ರಿಂದ ಅದೇ ಕ್ರೋಮಿಯಂ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಕೊಡುತ್ತೆ. ಹಾಗಾಗಿ ಬಣ್ಣ ನೋಡಿ ಮಾತ್ರ ನಿರ್ಧಾರ ಮಾಡಬೇಡಿ.

1. ಗೀರಿ ನೋಡಿ. ಮೋಹ್ಸ್ ಸ್ಕೇಲ್‌ನಲ್ಲಿ ಫುಕ್ಸೈಟ್ 2ರಿಂದ 3, ಜೋಯಿಸೈಟ್ 6ರಿಂದ 7, ರೂಬಿ 9. ಸ್ಟೀಲ್ ಚಾಕು ಸುಮಾರು 5.5. ಮಾರುವವರನ್ನು ಕೇಳಿ, ಹಿಂಭಾಗದ ಹಸಿರು ಮೂಲೆಯಲ್ಲಿ ಗೀರಿ. ಸುಲಭವಾಗಿ ಗೀರು ಬಿದ್ದರೆ ಅದು ಜೋಯಿಸೈಟ್ ಅಲ್ಲ.

2. ಲೆನ್ಸ್ ಹಿಡಿದು ನೋಡಿ. ನಮ್ಮ ಕಲ್ಲಿನಲ್ಲಿ ಹಸಿರು ಭಾಗ ಅಭ್ರಕದ ಹಾಗೆ ಮಿನುಗುತ್ತೆ, ಎಷ್ಟೋ ಸಲ ರೂಬಿಯ ಸುತ್ತ ಕಯನೈಟ್‌ನ ನೀಲಿ ಅಂಚು ಇರುತ್ತೆ. ಟಾಂಜಾನಿಯಾದ್ದರಲ್ಲಿ ಸಾಮಾನ್ಯವಾಗಿ ಕಪ್ಪು ಮಚ್ಚೆ ಕಾಣುತ್ತೆ.

3. ಸಾಂದ್ರತೆ ಅಳೆಯಿರಿ. ಇದು ಬಿಡಿ ರೂಬಿ ಹರಳಿಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಕಲ್ಲು ತೂಗಿ. ಆಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸಿ. ಈಗ ಕಾಣುವ ಗ್ರಾಂ ಅಂದ್ರೆ ಹೊರಹೋದ ನೀರಿನ ತೂಕ. ಕಲ್ಲು 80 ಗ್ರಾಂ, ಮುಳುಗಿಸಿದಾಗ 20 ಗ್ರಾಂ ಬಂದರೆ ಸಾಂದ್ರತೆ 4: ರೂಬಿಗೆ ಹೊಂದುತ್ತೆ. 30 ಗ್ರಾಂ ಬಂದರೆ 2.67. ಅದು ಬಣ್ಣ ಹಾಕಿದ ಕ್ವಾರ್ಟ್ಜ್ ಇರಬಹುದು, ರೂಬಿ ಅಂತೂ ಅಲ್ಲ. ಆರ್ಕಿಮಿಡೀಸ್ ತತ್ವ, ಅಷ್ಟೇ!

ಇಷ್ಟಾದ ಮೇಲೆ ಲೇಬಲ್ ಕೇಳಿ. ಕ್ಯಾವನ್ಸೈಟ್ ಅಂತ ಗಾಢ ನೀಲಿ ಖನಿಜವಿದೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾನ್ ಸೇರಿ ಆ ಹೆಸರು. ಪುಣೆ ಬಳಿಯ ವಾಘೋಲಿ ಕ್ವಾರಿಗಳಿಂದ ಅದು ಜಗತ್ತಿನ ಸಂಗ್ರಹಗಳಿಗೆ ಹೋಗಿದೆ. ಲೇಬಲ್‌ನಲ್ಲಿ ‘ವಾಘೋಲಿ’ ಅಂತ ಇದ್ದರೆ ಅದೊಂದು ದಾಖಲೆ. ಬರೀ ‘ಭಾರತ’ ಅಂತಿದ್ದರೆ ಅಧ್ಯಯನಕ್ಕೂ ಬೆಲೆಗೂ ನಷ್ಟ. ಕ್ವಾರಿ ಮುಚ್ಚಿದ ಮೇಲೆ ಆ ಮಾಹಿತಿ ಮತ್ತೆ ಹುಡುಕೋದು ಕಷ್ಟ. ಆದ್ದರಿಂದ ನೀವು ಕೊಂಡ ದಿನವೇ ಹೆಸರು, ಊರು, ದಿನಾಂಕ ಬರೆದು ಕಲ್ಲಿನ ಜೊತೆಗೇ ಇಡಿ.

ಅಭ್ಯಾಸಕ್ಕೆ ದುಡ್ಡು ಬೇಕಿಲ್ಲ. ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಮನೆ ಕಟ್ಟುವ ಕಡೆ ಒಂದೆರಡು ಜಲ್ಲಿಕಲ್ಲು ಕೇಳಿ ತನ್ನಿ. ಗ್ರಾನೈಟ್ ಆಗಿದ್ದರೆ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಲಾಲ್‌ಬಾಗ್ ಬಂಡೆಯನ್ನು ಮಾತ್ರ ಗೀರಬೇಡಿ, ಒಡೆಯಬೇಡಿ. ಅದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಲೆನ್ಸ್ ಸಾಕು.