ಸಾಹಿತ್ಯ ವಿಮರ್ಶೆ: ಕೆಲವು ಮೊದಲ ಮಾತುಗಳು

ಪಾಠವನ್ನು ಓದಿ ಮುಗಿಸಿದ ವಿದ್ಯಾರ್ಥಿಯನ್ನು 'ಈ ಪದ್ಯ ಹೇಗಿದೆ?' ಎಂದು ಕೇಳಿದರೆ, 'ಚೆನ್ನಾಗಿದೆ' ಎಂಬ ಉತ್ತರವು ಒಡನೆಯೇ ಬರುತ್ತದೆ. 'ಏಕೆ ಚೆನ್ನಾಗಿದೆ?' ಎಂದು ಮತ್ತೆ ಕೇಳಿದರೆ ಬಹುಮಟ್ಟಿಗೆ ಮೌನವೇ ಉತ್ತರ; ಇಲ್ಲವೆ ಮಾರ್ಗದರ್ಶಿ ಪುಸ್ತಕದಲ್ಲಿ ಅಚ್ಚಾದ ನಾಲ್ಕು ವಾಕ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸುವುದುಂಟು. ಈ ಎರಡನೆಯ ಪ್ರಶ್ನೆಗೆ ಸ್ವಂತ ಮಾತಿನಲ್ಲಿ, ಕಾರಣಸಹಿತವಾಗಿ ಉತ್ತರ ಹೇಳುವ ವಿದ್ಯೆಗೆ ವಿಮರ್ಶೆಯೆಂದು ಹೆಸರು. ಈ ವಿದ್ಯೆಯ ಮೊದಲ ಮೆಟ್ಟಿಲುಗಳನ್ನೂ, ಅದರಲ್ಲಿ ಪದೇ ಪದೇ ಬರುವ ಕೆಲವು ಪಾರಿಭಾಷಿಕ ಶಬ್ದಗಳನ್ನೂ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಹೆಸರಿನ ವಿಷಯ. ಕನ್ನಡದಲ್ಲಿ 'ಟೀಕೆ' ಎಂದರೆ ಹಿಂದೆ ಗ್ರಂಥಕ್ಕೆ ಬರೆದ ಅರ್ಥವಿವರಣೆ. ಇಂದಿನ ಬಳಕೆಯಲ್ಲಿ ದೋಷವನ್ನು ಎತ್ತಿ ಆಡುವುದು. ನಾವು ಕನ್ನಡ ಸಮೀಕ್ಷೆಯೆಂದರೆ ಜನಗಣತಿಯಂಥ ಪರಿಶೀಲನೆಯನ್ನು ನೆನೆಯುತ್ತೇವೆ. ಮರಾಠಿಯಲ್ಲಿ ಅದೇ ಶಬ್ದವು ಸಾಹಿತ್ಯ ವಿಮರ್ಶೆಗೆ ಸಲ್ಲುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಕ್ಕಳು ಎರಡು ಭಾಷೆಗಳನ್ನೂ ಓದುವವರಾದುದರಿಂದ ಈ ಭೇದವನ್ನು ನೆನಪಿನಲ್ಲಿಡಬೇಕು. ವಿಮರ್ಶೆಯು ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಅನುಭವಿಯಾದ ರೈತನು ಜೋಳದ ಕಾಳನ್ನು ಅಂಗೈಯಲ್ಲಿ ಹರಡಿ, ತೂಕವನ್ನು ನೋಡಿ, ಒಂದೆರಡು ಕಾಳನ್ನು ಹಲ್ಲಿನಿಂದ ಕಡಿದು, ಆಮೇಲೆ 'ಇದು ಬೀಜಕ್ಕೆ ಯೋಗ್ಯ, ಇದು ರೊಟ್ಟಿಗೆ ಯೋಗ್ಯ' ಎಂದು ನಿರ್ಣಯಿಸುತ್ತಾನೆ. ವಿಮರ್ಶಕನ ಕೆಲಸವೂ ಅಂಥದೇ.

ಈ ವಿದ್ಯೆಯು ದೂರದ ಪಟ್ಟಣಗಳ ಪಂಡಿತರಿಗೆ ಮೀಸಲಾದುದೆಂದು ತುರೋರಿಯಂಥ ಗಡಿನಾಡಿನ ಊರುಗಳಲ್ಲಿರುವ ನಾವು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನ ಗ್ರಂಥವೇ ಕಾವ್ಯವಿಮರ್ಶೆಗೆ ಸಂಬಂಧಿಸಿದ್ದು. ಅದು 'ಕವಿರಾಜಮಾರ್ಗ'. ಸುಮಾರು 850ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಅದನ್ನು ರಚಿಸಿದನು. ಆಗಿನ ರಾಜಧಾನಿ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಮಳಖೇಡವಾಗಿದೆ. ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಬಹುವಾಗಿ ಅವಲಂಬಿಸಿದ್ದರೂ, ಕನ್ನಡ ನುಡಿಯ ಗುಣದೋಷಗಳನ್ನು ಅದು ಸ್ವತಂತ್ರವಾಗಿ ವಿಚಾರಿಸುತ್ತದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಆ ಗ್ರಂಥವು ಹೇಳುತ್ತದೆ. ಗೋದಾವರಿಯು ನಾಂದೇಡದ ಬಳಿ ಹರಿಯುವುದು. ನಮ್ಮ ಊರುಗಳು ಅದರ ದಕ್ಷಿಣಕ್ಕಿವೆ. ಕನ್ನಡದ ಒಳನುಡಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನೆಂಬ ಅಭಿಪ್ರಾಯವೂ ಅಲ್ಲಿದೆ. ಆದುದರಿಂದ ನಮ್ಮ ಮನೆಯ ಮಾತು ಪುಸ್ತಕದ ಮಾತಿನಂತಿಲ್ಲವೆಂದು ಯಾವ ವಿದ್ಯಾರ್ಥಿಯೂ ನಾಚಿ ಬಾಯಿ ಮುಚ್ಚತಕ್ಕದ್ದಲ್ಲ.

ಇನ್ನು ಪಾರಿಭಾಷಿಕ ಶಬ್ದಗಳಿಗೆ ಬರೋಣ. ವ್ಯಾಖ್ಯೆಯನ್ನು ಉರು ಹಚ್ಚುವುದಕ್ಕಿಂತ ಒಂದು ವಾಕ್ಯವನ್ನು ಎದುರಿಗಿಟ್ಟುಕೊಂಡು ನೋಡುವುದು ಮೇಲು. 'ಬರಗಾಲದ ವರುಷ ನಮ್ಮ ಬಾವಿ ಮುದುಕನ ಕಣ್ಣಿನಂತೆ ಒಳಕ್ಕೆ ಇಳಿದಿತ್ತು.' ಇಲ್ಲಿ ಬಾವಿಯು ವರ್ಣಿಸಬೇಕಾದ ವಸ್ತು. ಇದಕ್ಕೆ 'ಉಪಮೇಯ'ವೆಂದು ಹೆಸರು. ಕಣ್ಣು ಹೋಲಿಕೆಗಾಗಿ ತಂದ ವಸ್ತು, ಅದು 'ಉಪಮಾನ'. ಒಳಕ್ಕೆ ಇಳಿದಿರುವುದು ಇವೆರಡಕ್ಕೂ ಸಮಾನವಾದ ಧರ್ಮ. 'ಅಂತೆ' ಎಂಬುದು ಹೋಲಿಕೆಯನ್ನು ಸೂಚಿಸುವ ವಾಚಕ ಶಬ್ದ. ಈ ನಾಲ್ಕೂ ಕೂಡಿದಲ್ಲಿ ಅದು 'ಪೂರ್ಣೋಪಮೆ'. ನಾಲ್ಕರಲ್ಲಿ ಒಂದು ಲೋಪವಾದರೂ ಅದು 'ಲುಪ್ತೋಪಮೆ'. 'ಬಾವಿಯೆಂಬ ಬತ್ತಿದ ಕಣ್ಣು' ಎಂದು ಎರಡಕ್ಕೂ ಭೇದವಿಲ್ಲದಂತೆ ಹೇಳಿದರೆ ಅದು 'ರೂಪಕ'. ಇವೆಲ್ಲ ಅರ್ಥಾಲಂಕಾರಗಳು. ಒಂದೇ ಅಕ್ಷರ ಮತ್ತೆ ಮತ್ತೆ ಬಂದು ಕಿವಿಗೆ ಇಂಪಾದರೆ ಅದು 'ಅನುಪ್ರಾಸ', ಅದು ಶಬ್ದಾಲಂಕಾರ.

ಹೆಸರನ್ನು ಗುರುತಿಸಿದ ಮಾತ್ರಕ್ಕೆ ವಿಮರ್ಶೆ ಮುಗಿಯಲಿಲ್ಲ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. 'ಇಲ್ಲಿ ಉಪಮಾಲಂಕಾರವಿದೆ' ಎಂದು ಬರೆದವನು ಅರ್ಧ ದಾರಿಯನ್ನು ಮಾತ್ರ ನಡೆದಂತಾಯಿತು. ಮುದುಕನ ಕಣ್ಣೇ ಏಕೆ, ಮಗುವಿನ ಕಣ್ಣು ಏಕಲ್ಲವೆಂದು ಕೇಳಿಕೊಳ್ಳಬೇಕು. ಮುದುಕನ ಕಣ್ಣಿನಲ್ಲಿ ಆಳವಿದೆ, ಬಳಲಿಕೆಯಿದೆ, ಕಾದು ಕಾದು ಸೋತ ನೋಟವಿದೆ. ಬರಗಾಲದ ಬಾವಿಗೆ ಅದು ಹೊಂದುತ್ತದೆ. 'ಬಾವಿಯು ಒಡೆದ ರತ್ನದ ಬಟ್ಟಲಿನಂತೆ ಒಣಗಿತ್ತು' ಎಂದಿದ್ದರೆ ಉಪಮೆಯೇನೋ ಇರುತ್ತಿತ್ತು, ಆದರೆ ಬರದಲ್ಲಿ ನೊಂದ ಮನೆಗೂ ರತ್ನಕ್ಕೂ ನಂಟು ಕೂಡುತ್ತಿರಲಿಲ್ಲ. ಸಂದರ್ಭಕ್ಕೆ ತಕ್ಕಂತಿರುವ ಈ ಗುಣಕ್ಕೆ 'ಔಚಿತ್ಯ'ವೆನ್ನುತ್ತಾರೆ. ಸಂಸ್ಕೃತ ಕನ್ನಡ ಶಬ್ದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದನ್ನು ಕವಿರಾಜಮಾರ್ಗವು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸುವುದಕ್ಕೆ ಹೋಲಿಸಿದೆ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಕೆಟ್ಟದ್ದು ಅವುಗಳ ಅಕಾಲದ ಕೂಟ. ಔಚಿತ್ಯವನ್ನು ಇದಕ್ಕಿಂತ ಸುಲಭವಾಗಿ ತಿಳಿಸುವ ಉದಾಹರಣೆ ದುರ್ಲಭ.

ಈಗ 'ಧ್ವನಿ'ಯನ್ನು ವಿಚಾರಿಸೋಣ. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಲಾತೂರು ಹಾಗೂ ಅಂದಿನ ಉಸ್ಮಾನಾಬಾದ ಜಿಲ್ಲೆಗಳ ಅನೇಕ ಹಳ್ಳಿಗಳನ್ನು ನೆಲಸಮ ಮಾಡಿ ಸಾವಿರಾರು ಜನರ ಪ್ರಾಣವನ್ನು ಕೊಂಡೊಯ್ದಿತು. ನಮ್ಮ ಉಮರ್ಗಾ ತಾಲೂಕು ಆ ನೋವನ್ನು ಬಲ್ಲದು. ಮೇಲಿನ ವಾಕ್ಯವು ವರದಿ. ಅದು ಹೇಳಬೇಕಾದುದನ್ನು ನೇರವಾಗಿ ಹೇಳಿ ಮುಗಿಸುತ್ತದೆ. ಇನ್ನೊಂದು ವಾಕ್ಯವನ್ನು ನೋಡಿರಿ: 'ಕದವು ನಿಂತಿತ್ತು, ಅದಕ್ಕೆ ಬೀಗವೂ ಹಾಕಿತ್ತು, ಹಿಂದೆ ಮನೆ ಇರಲಿಲ್ಲ.' ಇಲ್ಲಿ ದುಃಖವೆಂಬ ಶಬ್ದವೇ ಇಲ್ಲ, ಸಾವಿನ ಹೆಸರಿಲ್ಲ. ಆದರೂ ಮನೆಯನ್ನು ಜೋಪಾನ ಮಾಡಿದ ಕೈ, ಕಾಯದೆ ಹೋದ ಬೀಗ, ಇಲ್ಲವಾದ ಜನ, ಎಲ್ಲವೂ ಓದುಗನ ಮನಸ್ಸಿಗೆ ಬರುತ್ತವೆ. ಹೇಳಿದ ಅರ್ಥವು 'ವಾಚ್ಯ'. ಹೇಳದೆ ಹೊಳೆಯುವ ಅರ್ಥವು 'ಧ್ವನಿ'. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ 'ಧ್ವನ್ಯಾಲೋಕ'ವನ್ನು ಬರೆದು, ಕಾವ್ಯದ ಆತ್ಮವು ಧ್ವನಿಯೆಂದು ಸಾಧಿಸಿದನು.

ಆ ವಾಕ್ಯವನ್ನು ಓದಿದಾಗ ಮನಸ್ಸು ಮರುಗುತ್ತದೆ. ಆದರೆ ಪುಸ್ತಕವನ್ನು ಕೆಳಗಿಡಲು ಮನಸ್ಸಾಗುವುದಿಲ್ಲ. ಲೋಕದಲ್ಲಿ ಶೋಕವು ನಮ್ಮನ್ನು ಕುಗ್ಗಿಸುತ್ತದೆ. ಕಾವ್ಯದಲ್ಲಿ ಅದೇ ಶೋಕವು ಕರುಣರಸವಾಗಿ ಹೃದಯವನ್ನು ವಿಶಾಲಗೊಳಿಸುತ್ತದೆ. ಭರತನ 'ನಾಟ್ಯಶಾಸ್ತ್ರ'ವು ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ ಎಂದು 8 ರಸಗಳನ್ನು ಹೇಳುತ್ತದೆ. ಮುಂದೆ ಶಾಂತವು ಸೇರಿ 9 ಆದುವು. ಕವಿಯ ಹೃದಯಕ್ಕೆ ತನ್ನ ಹೃದಯವನ್ನು ಹೊಂದಿಸಿ ರಸವನ್ನು ಸವಿಯಬಲ್ಲ ಓದುಗನಿಗೆ 'ಸಹೃದಯ'ನೆಂಬ ಸುಂದರವಾದ ಹೆಸರಿದೆ.

ಪದ್ಯದ ನಡಿಗೆಗೆ 'ಛಂದಸ್ಸು' ಎನ್ನುತ್ತಾರೆ. ಹ್ರಸ್ವಾಕ್ಷರವು 'ಲಘು', ಅದಕ್ಕೆ ಒಂದು ಮಾತ್ರೆ. ದೀರ್ಘವಾದ ಅಕ್ಷರವು 'ಗುರು', ಅದಕ್ಕೆ ಎರಡು ಮಾತ್ರೆ. ಹ್ರಸ್ವದ ಮುಂದೆ ಒತ್ತಕ್ಷರ ಬಂದರೆ ಅದೂ ಗುರುವಾಗುತ್ತದೆ. 'ಮನೆ' ಎಂಬಲ್ಲಿ ಎರಡು ಮಾತ್ರೆ, 'ಮಾತು' ಎಂಬಲ್ಲಿ ಮೂರು. ಹಿಟ್ಟಿನ ಗಿರಣಿ ಬರುವ ಮೊದಲು ನಮ್ಮ ಮನೆಗಳಲ್ಲಿ ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಯು ಕನ್ನಡದ ಅತಿ ಹಳೆಯ ಛಂದೋರೂಪಗಳಲ್ಲೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಸುಮಾರು 700ರ ಶಾಸನದಲ್ಲಿಯೇ ಅದು ಇದೆ. ಪಕ್ಕದ ಮನೆಯ ಮರಾಠಿ ತಾಯಂದಿರು ಅದೇ ಕೆಲಸಕ್ಕೆ ಓವಿಯನ್ನು ಹಾಡಿದರು. 1290ರ 'ಜ್ಞಾನೇಶ್ವರಿ'ಯೂ ಓವಿಯ ರೂಪದಲ್ಲಿದೆ. ಒಂದೇ ಕಲ್ಲಿನ ಸುತ್ತು ಎರಡು ಭಾಷೆಗಳ ಲಯವನ್ನು ಪೋಷಿಸಿತು. ಇವೆರಡನ್ನೂ ಕಿವಿಯಾರೆ ಕೇಳಿ ಹೋಲಿಸಿ ನೋಡುವ ಅವಕಾಶವು ಗಡಿನಾಡಿನ ವಿದ್ಯಾರ್ಥಿಗೆ ಸಹಜವಾಗಿಯೇ ದೊರೆತಿದೆ.

ಇಷ್ಟನ್ನು ತಿಳಿದ ಮೇಲೆ ವಿದ್ಯಾರ್ಥಿಯು ಯಾವ ಪಾಠವನ್ನೋದಿದರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಲೇಖಕನು ಏನು ಹೇಳಹೊರಟನು? ಅದನ್ನು ಹೇಗೆ ಹೇಳಿದನು? ಹೇಳಿದ ರೀತಿ ಹೇಳಬೇಕಾದುದಕ್ಕೆ ತಕ್ಕುದಾಗಿದೆಯೆ? ಉತ್ತರ ಕೊಡುವಾಗ ಪಾಠದ ಒಂದು ಮಾತನ್ನಾದರೂ ಬೆರಳಿಟ್ಟು ತೋರಿಸಬೇಕು. ಆಧಾರ ತೋರಿಸಲಾಗದ ಹೊಗಳಿಕೆಯೂ ವ್ಯರ್ಥ, ತೆಗಳಿಕೆಯೂ ವ್ಯರ್ಥ. ಹೆಚ್ಚಿನ ಅಭ್ಯಾಸವನ್ನು ಬಯಸುವವರು ಮೇಲಿನ ಇಯತ್ತೆಗಳಿಗೆ ಹೋದಮೇಲೆ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಅವಶ್ಯವಾಗಿ ಓದಬೇಕು.

ಪಾಲಕರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಸಂಜೆ ಮಗುವು ಪುಸ್ತಕ ಹಿಡಿದು ಕುಳಿತಾಗ 'ಎಷ್ಟು ಪುಟ ಓದಿದೆ?' ಎಂಬುದರ ಜೊತೆಗೆ 'ಯಾವ ಮಾತು ನಿನಗೆ ಹಿಡಿಸಿತು, ಏಕೆ?' ಎಂದೂ ಕೇಳಿರಿ. ಇದಕ್ಕೆ ನೀವು ಓದಿದವರಾಗಿರಬೇಕೆಂಬ ನಿಯಮವಿಲ್ಲ. ಕನ್ನಡ ನಾಡಿನ ಜನರು ಶಾಸ್ತ್ರಾಭ್ಯಾಸವಿಲ್ಲದೆಯೂ ಕಾವ್ಯವನ್ನು ಬಲ್ಲವರೆಂದು ಕವಿರಾಜಮಾರ್ಗವೇ ಮೆಚ್ಚಿ ಹೇಳಿದೆ. ಮಗುವಿನ ಉತ್ತರವು ನಿಮ್ಮ ಅಭಿಪ್ರಾಯಕ್ಕೆ ಹೊಂದದಿದ್ದರೂ ಕೊನೆಯವರೆಗೆ ಕೇಳಿರಿ; ಕಾರಣವನ್ನು ಕೇಳಿರಿ. ಏಕೆಂದರೆ ಪರರ ವಿಚಾರವನ್ನು ಸಹಿಸಬಲ್ಲ ಗುಣವೇ ನಿಜವಾದ ಸಂಪತ್ತೆಂದು ಆ ಹಳೆಯ ಗ್ರಂಥವು ತಿಳಿಸುತ್ತದೆ. ಕಾರಣ ಕೊಟ್ಟು ಮೆಚ್ಚುವ, ಕಾರಣ ಕೊಟ್ಟು ಒಪ್ಪದಿರುವ ಅಭ್ಯಾಸವು ಪದ್ಯದಿಂದ ಮೊದಲಾದರೂ ಪದ್ಯದಲ್ಲಿಯೇ ನಿಲ್ಲುವುದಿಲ್ಲ; ಸಂತೆಯಲ್ಲಿ, ಸಭೆಯಲ್ಲಿ, ಮತದಾನದಲ್ಲಿ ಅದು ಮನುಷ್ಯನ ಕೈಹಿಡಿಯುತ್ತದೆ. ನಮ್ಮ ಮಕ್ಕಳು ಬಾಯಿಪಾಠದ ಉತ್ತರವನ್ನು ಬಿಟ್ಟು ತಮ್ಮ ಕಣ್ಣಿನಿಂದ ಕಂಡುದನ್ನು ತಮ್ಮ ಕನ್ನಡದಲ್ಲಿ ಹೇಳುವಂತಾಗಲೆಂದು ಹಾರೈಸುತ್ತೇವೆ.