ಕಸೂತಿಯ ಲೆಕ್ಕ

ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ಕರಿಯ ಚಂದ್ರಕಾಳಿ ಸೀರೆಯನ್ನು ಜೋಪಾನವಾಗಿ ಮಡಿಸಿಟ್ಟಿರುವುದುಂಟು. ಅದರ ಸೆರಗಿನ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ತೊಟ್ಟಿಲುಗಳು ಸಾಲುಗಟ್ಟಿ ನಿಂತಿರುತ್ತವೆ. ಸೆರಗನ್ನು ತಿರುವಿ ನೋಡಿದವರಿಗೆ ಅಚ್ಚರಿ ಕಾದಿರುತ್ತದೆ. ಗವಂತಿ ಹೊಲಿಗೆಯ ಗೋಪುರವು ಮುಂಬದಿಯಲ್ಲಿರುವಂತೆಯೇ ಹಿಂಬದಿಯಲ್ಲಿಯೂ ಇರುತ್ತದೆ; ಎಲ್ಲಿಯೂ ಒಂದು ಗಂಟು ಕಾಣದು. ಇದೇ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಸೂತಿ.

ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬವು ಕಸೂತಿಯ ನಾಲ್ಕು ಹೊಲಿಗೆಗಳು. ಸಂಪ್ರದಾಯದ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆಯುವ ವಾಡಿಕೆಯಿಲ್ಲ. ಹೆಂಗಳೆಯರು ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚುತ್ತಾರೆ. ಗವಂತಿಯಲ್ಲಿ ಸೂಜಿಯು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸಾಗುತ್ತದೆ. ಹೋಗುವಾಗ ಬಿಟ್ಟ ತೆರಪನ್ನು ಬರುವಾಗ ತುಂಬುತ್ತದೆ.

ಪ್ರತಿಯೊಂದು ಗೆರೆಯ ಮೇಲೂ ಸೂಜಿ ಒಮ್ಮೆ ಹೋಗಿ, ಒಮ್ಮೆ ಎದುರು ದಿಕ್ಕಿನಲ್ಲಿ ಮರಳಬೇಕು. ಒಂದು ಆಕೃತಿಯ ಗೆರೆಗಳನ್ನೆಲ್ಲ ಒಂದೊಂದೇ ಬಾರಿ ತುಳಿದು ಬರುವುದು ಎಲ್ಲ ಆಕೃತಿಗಳಲ್ಲಿಯೂ ಸಾಧ್ಯವಿಲ್ಲವೆಂದು ಗಣಿತಜ್ಞ ಆಯ್ಲರನು 1736ರಲ್ಲಿ ವಿವರಿಸಿದನು. ಆದರೆ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದು, ಪ್ರತಿಯೊಂದನ್ನೂ ಎರಡು ಬಾರಿ ತುಳಿಯಬಹುದಾದರೆ, ಹೊರಟ ಸ್ಥಳಕ್ಕೆ ಮರಳುವ ಹಾದಿ ಯಾವಾಗಲೂ ಉಂಟು. ಅಕ್ಷರ ಕಲಿಯದ ಅಜ್ಜಿಯರೂ ಈ ಹಾದಿಯನ್ನು ತಪ್ಪದೆ ನಡೆದಿದ್ದರು.

ಈಗ ಇಂತಹ ವಿನ್ಯಾಸಗಳನ್ನು ಗಣಕಯಂತ್ರಕ್ಕೆ ಸೂಚನೆಗಳಾಗಿ ಬರೆದುಕೊಡಬಹುದು. ಹಾಗೆ ಬರೆಯುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಅಳತೆಯನ್ನು ಅಂಗುಲದಲ್ಲಿ ಹೇಳದೆ ಎಳೆಗಳಲ್ಲಿ ಹೇಳಬೇಕು. ಹೊಲಿಗೆಗೆ ನಾಲ್ಕು ಎಳೆಯಂತೆ ಇಪ್ಪತ್ತು ಹೊಲಿಗೆಯ ಗೋಪುರಕ್ಕೆ 80 ಎಳೆಗಳು ಬೇಕು. ಅಂಗುಲಕ್ಕೆ 40 ಎಳೆಯಿರುವ ಬಟ್ಟೆಯಲ್ಲಿ ಅದರ ಅಗಲ ಎರಡು ಅಂಗುಲ. 80 ಎಳೆಯಿರುವ ಬಟ್ಟೆಯಲ್ಲಿ ಒಂದೇ ಅಂಗುಲ. ಬಟ್ಟೆ ಬದಲಾದರೂ ಲೆಕ್ಕ ಕೆಡುವುದಿಲ್ಲ. ಮತ್ತೆ ಮತ್ತೆ ಬರುವ ಭಾಗವನ್ನು ಒಮ್ಮೆ ಮಾತ್ರ ಬರೆದು, ಬೇಕಾದಲ್ಲಿ ಕರೆಯಬೇಕು. ಆಗ ತಪ್ಪನ್ನು ಒಂದೇ ಕಡೆ ತಿದ್ದಿದರೆ ಸಾಕು. ಸೀರೆಗೆ ಕೈಯಿಡುವ ಮೊದಲು ಸಣ್ಣ ತುಂಡಿನ ಮೇಲೆ ಪರೀಕ್ಷಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು. ಸಿದ್ಧವಾದ ಚಿತ್ರವನ್ನಷ್ಟೇ ದಾಖಲಿಸಿದರೆ ಸಾಲದು. ಸೂಜಿ ನಡೆದ ಹಾದಿಯನ್ನೂ ದಾಖಲಿಸಬೇಕು. ಚಿತ್ರವು ಮುಂಬದಿಯನ್ನು ಮಾತ್ರ ತೋರಿಸುತ್ತದೆ. ಅದನ್ನು ನೋಡಿ ಹೊಲಿದವರ ಬಟ್ಟೆಯ ಹಿಂಬದಿಯಲ್ಲಿ ದಾರಗಳು ಸಿಕ್ಕುಗಟ್ಟಬಹುದು. ಹಾದಿಯನ್ನು ಬಲ್ಲ ಅಜ್ಜಿ ಅದನ್ನು ಯಾರಿಗೂ ಕಲಿಸದೆ ಕಣ್ಮರೆಯಾದರೆ, ಸೀರೆ ಉಳಿದರೂ ವಿದ್ಯೆ ಉಳಿಯದು. ಗಣಕಯಂತ್ರವು ಆ ಹಾದಿಯನ್ನು ಕಾದಿಡಬಲ್ಲದು. ಆದರೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಎಣಿಸಿ, ಬರೆದುಕೊಳ್ಳುವ ಕೆಲಸ ಮನುಷ್ಯರದೇ.

ಅಭ್ಯಾಸ
1. ಗವಂತಿ ಹೊಲಿಗೆಯು ಎರಡೂ ಬದಿಗಳಲ್ಲಿ ಒಂದೇ ಬಗೆಯಾಗಿ ಕಾಣುವುದು ಹೇಗೆ?
2. ಕಸೂತಿಯ ಅಳತೆಯನ್ನು ಎಳೆಗಳಲ್ಲಿ ಹೇಳುವುದರಿಂದ ಆಗುವ ಪ್ರಯೋಜನವೇನು?
3. ‘ಸೀರೆ ಉಳಿದರೂ ವಿದ್ಯೆ ಉಳಿಯದು’ – ಈ ಮಾತನ್ನು ವಿವರಿಸಿರಿ.